ಹೊಟ್ಟೆನೋವು ಅಂತ ಬಂದ ಯೋಧ: ಡ್ವೈಟ್ ಜಾನ್ಸನ್ ಪ್ರಕರಣ

1970ರ ಸೆಪ್ಟೆಂಬರ್. ಅಮೆರಿಕದ ಮಿಷಿಗನ್ ರಾಜ್ಯದ ಸೆಲ್ಫ್‌ರಿಜ್ ವಾಯುನೆಲೆಯ ಆಸ್ಪತ್ರೆಗೆ ಒಬ್ಬ ಸೈನಿಕ ಹೊಟ್ಟೆನೋವು ಅಂತ ಬಂದ. ವಯಸ್ಸು 23. ಹೆಸರು ಡ್ವೈಟ್ ಜಾನ್ಸನ್. ಹುಟ್ಟಿ ಬೆಳೆದದ್ದು ಡೆಟ್ರಾಯ್ಟ್ ನಗರದಲ್ಲಿ, ಬಡವರಿಗೆ ಸರ್ಕಾರ ಕಟ್ಟಿಸಿದ ಮನೆಗಳ ಸಾಲಿನಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಅಮೆರಿಕದ ಅತಿ ದೊಡ್ಡ ಯುದ್ಧ ಪದಕ ಮೆಡಲ್ ಆಫ್ ಆನರ್ ಅವನ ಕೊರಳಿಗೆ ಬಿದ್ದು ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಹೊಟ್ಟೆನೋವು ಸುಳ್ಳಲ್ಲ. ನಿಜವಾಗಿಯೂ ನೋಯುತ್ತಿತ್ತು. ಆದರೆ ಅದರ ಬೇರು ಹೊಟ್ಟೆಯಲ್ಲಿ ಇರಲಿಲ್ಲ. ನಮ್ಮಲ್ಲಿ ‘ಎಲ್ಲವನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಾನೆ’ ಅನ್ನುತ್ತೇವಲ್ಲ, ಹಾಗೆ. ಸೈನಿಕನೊಬ್ಬ ಹೊಟ್ಟೆನೋವು ಅಂದರೆ ಯಾರೂ ಅವನನ್ನು ಕೀಳಾಗಿ ನೋಡುವುದಿಲ್ಲ. ಮನಸ್ಸು ನೋಯುತ್ತಿದೆ ಅಂದರೆ ನೋಡುತ್ತಾರೆ. ಹಾಗಾಗಿ ಎಷ್ಟೋ ಮಾಜಿ ಸೈನಿಕರು ತಲೆನೋವು, ಬೆನ್ನುನೋವು, ನಿದ್ದೆ ಬರಲ್ಲ ಅಂತಲೇ ಡಾಕ್ಟರ ಮುಂದೆ ಬಂದು ಕೂರುತ್ತಾರೆ.

ಯುದ್ಧದ ಆಘಾತಕ್ಕೆ ಚಿಕಿತ್ಸೆ ಸಿಗದೇ ಹೋಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಜಾನ್ಸನ್. ಅವನ ಕಷ್ಟ ಯಾರಿಗೂ ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ಅವನು ಆಸ್ಪತ್ರೆಯ ಒಳಗೇ ಇದ್ದ. ಮನೋವೈದ್ಯರು ಅವನ ಜೊತೆ ಮಾತಾಡಿದ್ದರು, ಫೈಲಿನಲ್ಲಿ ಸರಿಯಾದ ಮಾತೇ ದಾಖಲಾಗಿತ್ತು. ಆದರೂ ಅವನು ಕೈತಪ್ಪಿ ಹೋದ.

ಒಂದು ಅರ್ಧ ಗಂಟೆ

ಜಾನ್ಸನ್ ತಾನಾಗಿ ಸೇನೆಗೆ ಸೇರಿದವನಲ್ಲ. 1966ರಲ್ಲಿ ಕಡ್ಡಾಯ ಸೇವೆಗೆ ಕರೆ ಬಂತು, ಹೋದ. ಚಿಕ್ಕವನಿದ್ದಾಗ ದೊಡ್ಡ ಹುಡುಗರು ಅಟ್ಟಿಸಿಕೊಂಡು ಬಂದರೆ, ಜಗಳ ಆಡಬೇಡ, ಓಡಿ ಬಂದುಬಿಡು ಅಂತ ತಾಯಿ ಹೇಳಿಕೊಟ್ಟಿದ್ದರು. ಮೆತ್ತಗಿನ ಹುಡುಗ. ವಿಯೆಟ್ನಾಂನಲ್ಲಿ ಅವನದು ಟ್ಯಾಂಕ್ ಓಡಿಸುವ ಕೆಲಸ. ಹತ್ತಿರ ಹತ್ತಿರ ಒಂದು ವರ್ಷ ಒಂದೇ ಟ್ಯಾಂಕಿನಲ್ಲಿ, ಅದೇ ಗೆಳೆಯರ ಜೊತೆ ಇದ್ದ. ಊಟ, ನಿದ್ದೆ, ಹರಟೆ ಎಲ್ಲ ಅಲ್ಲೇ.

1968ರ ಜನವರಿ 15. ಡಾಕ್ ಟೋ ಹತ್ತಿರ. ಊರಿಗೆ ಹೊರಡಲು ಕೆಲವೇ ದಿನ ಉಳಿದಿತ್ತು. ಹಿಂದಿನ ರಾತ್ರಿ ತಾನೇ ಅವನನ್ನು ಬೇರೆ ಟ್ಯಾಂಕಿಗೆ ಹಾಕಿದ್ದರು. ಬೆಳಿಗ್ಗೆ ದಾರಿಯಲ್ಲಿ ಹೊಂಚುದಾಳಿ ಆಯಿತು. ರಾಕೆಟ್ ಬಂದು ಬಿದ್ದದ್ದು ಅವನ ಹಳೆಯ ಟ್ಯಾಂಕಿನ ಮೇಲೆ. ಜಾನ್ಸನ್ ಇಳಿದು ಓಡಿದ. ಉರಿಯುತ್ತಿದ್ದ ಟ್ಯಾಂಕಿನಿಂದ ಒಬ್ಬನನ್ನು ಎಳೆದು ಹೊರಗೆ ತಂದ. ಇನ್ನೊಬ್ಬರಿಗೆ ಕೈ ಹಾಕುವಷ್ಟರಲ್ಲಿ ಒಳಗಿದ್ದ ಗುಂಡುಮದ್ದು ಸಿಡಿಯಿತು. ಉಳಿದ ಗೆಳೆಯರು ಅವನ ಕಣ್ಣ ಮುಂದೆಯೇ ಸುಟ್ಟುಹೋದರು.

ಆಮೇಲೆ ಅವನು ಅವನಾಗಿ ಉಳಿಯಲಿಲ್ಲ. ಪಿಸ್ತೂಲು ಹಿಡಿದು ಶತ್ರುಗಳ ಕಡೆ ನುಗ್ಗಿದ. ಗುಂಡು ಮುಗಿದಾಗ ವಾಪಸ್ ಬಂದು ಇನ್ನೊಂದು ಬಂದೂಕು ತೆಗೆದುಕೊಂಡು ಹೋದ. ಅದೂ ಖಾಲಿ ಆದಾಗ ಬಂದೂಕಿನ ಹಿಡಿಯಲ್ಲೇ ಹೊಡೆದು ಒಬ್ಬನನ್ನು ಕೊಂದ. ಒಂದು ಗಳಿಗೆಯಲ್ಲಿ ಎದುರಾಳಿಯೊಬ್ಬ ಒಂದೆರಡು ಹೆಜ್ಜೆ ದೂರದಲ್ಲಿ ನಿಂತು ಇವನ ಮೇಲೆ ಗುರಿಯಿಟ್ಟು ಬಂದೂಕಿನ ಕುದುರೆ (ಟ್ರಿಗರ್) ಎಳೆದ. ಗುಂಡು ಹಾರಲಿಲ್ಲ. ಜಾನ್ಸನ್ ಗುಂಡು ಹಾರಿತು. ಸುಮಾರು ಅರ್ಧ ಗಂಟೆ ಹೀಗೇ ನಡೆಯಿತು. ಎಲ್ಲ ಮುಗಿದ ಮೇಲೂ ಅವನು ನಿಲ್ಲಲಿಲ್ಲ. ಮೂರು ಜನ ಸೇರಿ ಹಿಡಿದು, ಮಾರ್ಫಿನ್ ಚುಚ್ಚಬೇಕಾಯಿತು. ಕೈಕಾಲು ಆಡದ ಹಾಗೆ ಕಟ್ಟಿ ಪ್ಲೈಕು ಆಸ್ಪತ್ರೆಗೆ ಸಾಗಿಸಿದರು.

ಮರುದಿನವೇ ಬಿಟ್ಟುಬಿಟ್ಟರು. ಸೇವೆಯ ಅವಧಿ ಮುಗಿದಿತ್ತು. ಸಾಮಾನು ಕಟ್ಟಿಕೊಂಡು ಊರಿಗೆ ಹೊರಟ.

ಅಷ್ಟೇ. ಇದೇ ಮೊದಲನೇ ಅಡ್ಡಿ, ಮತ್ತು ನನ್ನ ಪ್ರಕಾರ ಬಹಳ ದೊಡ್ಡದು. ಆ ಯುದ್ಧದಲ್ಲಿ ಒಬ್ಬೊಬ್ಬ ಸೈನಿಕನಿಗೂ ಸಾಮಾನ್ಯವಾಗಿ ಒಂದು ವರ್ಷದ ಲೆಕ್ಕ. ಅವಧಿ ಮುಗಿದವನು ಒಬ್ಬನೇ ವಿಮಾನ ಹತ್ತಿ ಮನೆಗೆ ಹೋಗುತ್ತಿದ್ದ. ಹಿಂದಿನ ಮಹಾಯುದ್ಧದಲ್ಲಿ ಸೈನಿಕರು ಗುಂಪುಗುಂಪಾಗಿ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದರು. ದಾರಿಯುದ್ದಕ್ಕೂ ಮಾತಾಡಲು ಜೊತೆಗಾರರು ಇರುತ್ತಿದ್ದರು. ಜಾನ್ಸನ್‌ಗೆ ಅದೂ ಇರಲಿಲ್ಲ. ಅವನ ಜೊತೆಗಾರರು ಟ್ಯಾಂಕಿನಲ್ಲೇ ಉಳಿದಿದ್ದರು. ಯುದ್ಧಭೂಮಿಯಲ್ಲಿ ಮಾನಸಿಕ ರೋಗಿಗಳ ಸಂಖ್ಯೆ ಕಡಿಮೆ ಇದೆ ಅಂತ ಸೇನೆಯ ವೈದ್ಯರು ಆ ದಿನಗಳಲ್ಲಿ ಹೆಮ್ಮೆಪಡುತ್ತಿದ್ದರು. ಕಡಿಮೆ ಇದ್ದದ್ದು ನಿಜ. ಕಾಯಿಲೆ ತಲೆ ಎತ್ತುತ್ತಿದ್ದದ್ದು ಮನೆಗೆ ಹೋದ ಮೇಲೆ. ಅಷ್ಟು ಹೊತ್ತಿಗೆ ಅವರು ಯಾರ ಲೆಕ್ಕದಲ್ಲೂ ಇರುತ್ತಿರಲಿಲ್ಲ.

ಪದಕವೇ ಅಡ್ಡ ಬಂತು

ಊರಲ್ಲಿ ಕೆಲಸ ಹುಡುಕಿದ, ಸಿಗಲಿಲ್ಲ. ಕಪ್ಪು ವರ್ಣೀಯ ಹುಡುಗ, ಯುದ್ಧದಿಂದ ಬಂದವನು, ಯಾರಿಗೂ ಬೇಡವಾಗಿದ್ದ. ತಿಂಗಳುಗಳು ಹೀಗೇ ಕಳೆದವು. ಒಂದು ದಿನ ಮಿಲಿಟರಿ ಪೊಲೀಸರು ಮನೆಗೆ ಬಂದರು. ಸೇನೆ ಬಿಟ್ಟ ಮೇಲೆ ಏನಾದರೂ ಕೇಸಿನಲ್ಲಿ ಸಿಕ್ಕಿಕೊಂಡಿದ್ದೀಯಾ ಅಂತ ವಿಚಾರಿಸಿ ಹೋದರು. ಅವರು ಹೋದ ಮೇಲೆ ವಾಷಿಂಗ್ಟನ್‌ನಿಂದ ಫೋನ್ ಬಂತು. ಪದಕ ಕೊಡುವ ಮುಂಚೆ ಆಸಾಮಿ ಹೇಗಿದ್ದಾನೆ ಅಂತ ಪರೀಕ್ಷೆ ಮಾಡಿದ್ದರು ಅಷ್ಟೇ. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ಅಂತ ಕೇಳುವುದು ಆ ಪರೀಕ್ಷೆಯ ಭಾಗವಲ್ಲ.

1968ರ ನವೆಂಬರ್ 19ರಂದು ಶ್ವೇತಭವನದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವನ ಕೊರಳಿಗೆ ಪದಕ ಹಾಕಿದರು. ನಿನ್ನೆವರೆಗೆ ಯಾರಿಗೂ ಬೇಡವಾಗಿದ್ದವನ ಮುಂದೆ ಕೆಲಸ ಕೊಡುವವರು ಸಾಲುಗಟ್ಟಿ ನಿಂತರು. ಸೇನೆಯೂ ಕರೆಯಿತು. ವಾಪಸ್ ಬಾ, ಡೆಟ್ರಾಯ್ಟ್‌ನಲ್ಲೇ ಇರು, ಹುಡುಗರನ್ನು ಸೇನೆಗೆ ಸೇರಿಸುವ ಕೆಲಸ ಮಾಡು ಅಂದಿತು. ಅವನು ಒಪ್ಪಿಕೊಂಡ. ಮರುವರ್ಷದ ಜನವರಿಯಲ್ಲಿ ಮದುವೆ ಆಯಿತು, ಆಮೇಲೆ ಗಂಡುಮಗು. ಮೇಲುನೋಟಕ್ಕೆ ಎಲ್ಲ ಚೆನ್ನಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವನ ಕೆಲಸ ಏನು? ಸಮವಸ್ತ್ರ ಹಾಕಿ, ಪದಕ ತೊಟ್ಟು, ಶಾಲೆಗಳಲ್ಲಿ, ಸಭೆಗಳಲ್ಲಿ, ಭೋಜನಕೂಟಗಳಲ್ಲಿ ನಿಲ್ಲುವುದು. ಅವನು ಮರೆಯಲು ಒದ್ದಾಡುತ್ತಿದ್ದ ಅರ್ಧ ಗಂಟೆಯೇ ಅವನ ಸಂಬಳದ ಮೂಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದದ್ದು ಅದಕ್ಕೇ. ಅಂಥವನು ಹೋಗಿ ಯಾರ ಹತ್ತಿರ, ಸಾರ್, ಆ ದಿನದ ಬಗ್ಗೆ ನನಗೆ ಭಯ ಆಗುತ್ತದೆ, ನಾಚಿಕೆ ಆಗುತ್ತದೆ ಅಂತ ಹೇಳಿಕೊಳ್ಳಬೇಕು? ಮೇಲಧಿಕಾರಿಗೆ ಹೇಳಿದರೆ ಕೆಲಸಕ್ಕೆ ಕುತ್ತು. ಹೆಂಡತಿಗೆ ಹೇಳಿದರೆ ಅವಳು ಹೆದರಿಕೊಳ್ಳಬಹುದು. ಅವನ ಸಮುದಾಯದ ಕೆಲವರಂತೂ, ಕಪ್ಪು ಹುಡುಗರನ್ನು ಯುದ್ಧಕ್ಕೆ ಎಳೆಯಲು ಬಿಟ್ಟ ಗೊಂಬೆ ಇವನು ಅಂತ ಹಂಗಿಸುತ್ತಿದ್ದರು.

ಲಕ್ಷಣಗಳು ಒಂದೊಂದಾಗಿ ಹೊರಗೆ ಬಂದವು. ಗೊತ್ತುಮಾಡಿದ ಕಾರ್ಯಕ್ರಮಗಳಿಗೆ ಹೋಗುವುದನ್ನು ತಪ್ಪಿಸತೊಡಗಿದ. ಕರೆದೊಯ್ಯಲು ಸೇನೆಯವರೇ ಮನೆಗೆ ಬರಬೇಕಾಗುತ್ತಿತ್ತು. ಪದಕ ನೋಡಿ ಅಂಗಡಿಯವರು ಧಾರಾಳವಾಗಿ ಸಾಲ ಕೊಟ್ಟಿದ್ದರು. ಅವನಿಗೆ ಲೆಕ್ಕ ನಿಭಾಯಿಸಲು ಆಗಲಿಲ್ಲ, ಚೆಕ್‌ಗಳು ವಾಪಸ್ ಬಂದವು, ಮನೆಯ ಕಂತು ಬಾಕಿ ಬಿತ್ತು. ಹೊರಗಿನವರಿಗೆ ಇದೆಲ್ಲ ಬೇಜವಾಬ್ದಾರಿಯಾಗಿ ಕಂಡಿತು. ಆಘಾತದಿಂದ ನರಳುವವರಲ್ಲಿ ನೆನಪು ಕೆದಕುವ ಜಾಗದಿಂದ ತಪ್ಪಿಸಿಕೊಳ್ಳುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಕಾಯಿಲೆಯ ಮುಖ್ಯ ಲಕ್ಷಣಗಳೇ. ಇವತ್ತಿಗೂ ಅದನ್ನು ಸೋಮಾರಿತನ, ಅಶಿಸ್ತು ಅಂತ ಓದುವವರೇ ಜಾಸ್ತಿ.

ಹೆಸರಿಲ್ಲದ ಕಾಯಿಲೆ

ಹೊಟ್ಟೆನೋವಿಗೆ ಸೆಲ್ಫ್‌ರಿಜ್‌ಗೆ ಬಂದವನನ್ನು ಅಲ್ಲಿಂದ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಗೆ ಕಳಿಸಿದರು. ಡೆಟ್ರಾಯ್ಟ್‌ನಿಂದ ರಸ್ತೆಯಲ್ಲಿ ಹೋದರೆ ಸುಮಾರು 900 ಕಿಲೋಮೀಟರ್. ಹೆಂಡತಿ ಮಗು ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ. ಅಲ್ಲಿನ ಮನೋವೈದ್ಯರು ಅವನಿಗಿರುವುದು ಖಿನ್ನತೆ, ಕಾರಣ ವಿಯೆಟ್ನಾಂನಿಂದ ಬಂದ ಮೇಲೆ ಹೊಂದಿಕೊಳ್ಳಲಾಗದ ತೊಂದರೆ ಅಂತ ಬರೆದರು.

ಹೊಂದಿಕೊಳ್ಳಲಾಗದ ತೊಂದರೆ! ಗೆಳೆಯರು ಸುಟ್ಟದ್ದನ್ನು ನೋಡಿದವನಿಗೆ ಈ ಮಾತು ಎಷ್ಟು ಸಣ್ಣದು ಅಲ್ವಾ? ಆದರೆ ಆ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲೇ ಬೇರೆ ಮಾತು ಇರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಕೈಪಿಡಿಯನ್ನು 1952ರಲ್ಲಿ ಮೊದಲ ಸಲ ತಂದಾಗ, ಯುದ್ಧದಂಥ ಭಾರೀ ಒತ್ತಡದಿಂದ ಆಗುವ ತೊಂದರೆಗೆ ಅದರಲ್ಲಿ ಒಂದು ಹೆಸರಿತ್ತು. 1968ರ ಎರಡನೇ ಆವೃತ್ತಿಯಲ್ಲಿ ಆ ಹೆಸರನ್ನೇ ತೆಗೆದುಹಾಕಿದರು. ಜಾನ್ಸನ್ ಗೆಳೆಯರನ್ನು ಕಳೆದುಕೊಂಡ, ಪದಕ ಪಡೆದ ಅದೇ 1968. ಉಳಿದದ್ದು ‘ದೊಡ್ಡವರಲ್ಲಿ ಹೊಂದಾಣಿಕೆಯ ತೊಂದರೆ’ ಅನ್ನುವ ಒಂದು ಚಿಕ್ಕ ನಮೂದು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹೀಗಿತ್ತು: ಯುದ್ಧದ ಭಯದಿಂದ ನಡುಗುವುದು, ಓಡಿಹೋಗುವುದು, ಅಡಗಿಕೊಳ್ಳುವುದು.

ಜಾನ್ಸನ್ ನಡುಗಲಿಲ್ಲ, ಓಡಿಹೋಗಲಿಲ್ಲ, ಅಡಗಲಿಲ್ಲ. ಬೆಂಕಿಯ ಕಡೆಗೇ ಓಡಿದವನು. ಆ ಪುಸ್ತಕದ ಪ್ರಕಾರ ಅವನಿಗೆ ಕಾಯಿಲೆ ಬರುವುದಕ್ಕೇ ಸಾಧ್ಯವಿರಲಿಲ್ಲ.

ಹೆಸರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಘಟನೆ ಹೇಳಿಬಿಡುತ್ತೇನೆ. 1969ರಲ್ಲಿ ಬಾಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಸಾರಾ ಹೇಲಿ ಎಂಬ ಸಮಾಜ ಕಾರ್ಯಕರ್ತೆ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಒಬ್ಬ ಸೈನಿಕ ಬಂದು, ಮೈ ಲೈ ಎಂಬ ಹಳ್ಳಿಯಲ್ಲಿ ತನ್ನ ತುಕಡಿಯವರು ಹೆಂಗಸರು ಮಕ್ಕಳನ್ನು ಕೊಂದರು ಅಂತ ಹೇಳಿಕೊಂಡ. ಆ ಸುದ್ದಿ ಇನ್ನೂ ಜಗತ್ತಿಗೆ ಗೊತ್ತಾಗಿರಲಿಲ್ಲ. ಸಿಬ್ಬಂದಿ ಅದನ್ನು ಭ್ರಮೆ ಅಂತ ತೀರ್ಮಾನಿಸಿ ಸ್ಕಿಜೋಫ್ರೇನಿಯಾ ಅಂತ ಬರೆಯಲು ಹೊರಟಿದ್ದರು. ಹೇಲಿ ಒಬ್ಬರೇ ಅವನ ಮಾತು ನಂಬಿದರು. ಅವರ ತಂದೆಯೂ ಯುದ್ಧದಲ್ಲಿ ಇದ್ದವರು. ಆ ನವೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಮೈ ಲೈ ಸುದ್ದಿ ಬಂತು. ರೋಗಿ ಹೇಳಿದ್ದು ನಿಜ ಅಂತ ಒಪ್ಪಲು ಪತ್ರಿಕೆಯೇ ಬರಬೇಕಾಯಿತು.

ಜಾನ್ಸನ್ ವಿಷಯದಲ್ಲಿ ನಂಬದಿರುವ ಪ್ರಶ್ನೆ ಇರಲಿಲ್ಲ. ವ್ಯಾಲಿ ಫೋರ್ಜ್‌ನಲ್ಲಿ ಅವನು ನಿಧಾನವಾಗಿ ಬಾಯಿ ಬಿಟ್ಟ. ಎರಡು ವಿಷಯ ಅವನನ್ನು ತಿನ್ನುತ್ತಿದ್ದವು. ಗೆಳೆಯರು ಸತ್ತು ತಾನು ಬದುಕಿದ್ದು ಒಂದು. ಜೀವನದಲ್ಲಿ ಒಂದೇ ಒಂದು ಸಲ ತಾನು ಪೂರ್ತಿ ಹಿಡಿತ ತಪ್ಪಿದಾಗ ದೇಶ ತನ್ನನ್ನು ಸನ್ಮಾನಿಸಿದ್ದು ಇನ್ನೊಂದು. ವಿಯೆಟ್ನಾಂನಲ್ಲಿ ಆದ ಹಾಗೆ ಡೆಟ್ರಾಯ್ಟ್‌ನಲ್ಲೂ ನನ್ನ ಹಿಡಿತ ತಪ್ಪಿದರೆ ಏನು ಗತಿ ಅಂತ ಅವನು ವೈದ್ಯರನ್ನು ಕೇಳಿದ.

ಆ ಪ್ರಶ್ನೆಗೆ ಉತ್ತರ ಹುಡುಕಲು ವಾರ ವಾರ ಕೂರಬೇಕಿತ್ತು. ಹಾಗೆ ಕೂರಲು ಆಗಲೇ ಇಲ್ಲ. ಶರತ್ಕಾಲದಲ್ಲಿ ರಜೆ ಕೊಟ್ಟು ಮನೆಗೆ ಕಳಿಸಿದರು. ಹೋದವನು ಹೇಳಿದ ದಿನಕ್ಕೆ ಬರದೆ ಜನವರಿಯಲ್ಲಿ ಬಂದ. ಚಿಕಿತ್ಸೆ ಮತ್ತೆ ಶುರುವಾಯಿತು. ಮಾರ್ಚ್ ಕೊನೆಯಲ್ಲಿ ಮೂರು ದಿನದ ಪಾಸ್ ತೆಗೆದುಕೊಂಡು ಹೋದ. ಮತ್ತೆ ಬರಲೇ ಇಲ್ಲ.

ಸೇನೆಯ ಭಾಷೆಯಲ್ಲಿ ಇದು ಅಪ್ಪಣೆ ಇಲ್ಲದ ಗೈರುಹಾಜರಿ. ಅಂದರೆ ಅಪರಾಧ. ವೈದ್ಯಕೀಯ ಭಾಷೆಯಲ್ಲಿ ಇದೇ ಕಾಯಿಲೆಯ ಲಕ್ಷಣ. ಒಂದೇ ಸಂಸ್ಥೆ ಅವನ ಮಾಲೀಕನೂ ಹೌದು, ಪೊಲೀಸೂ ಹೌದು, ಡಾಕ್ಟರೂ ಹೌದು. ರೋಗಿ ಬರಲಿಲ್ಲ ಅಂದಾಗ ಈ ಮೂವರಲ್ಲಿ ಯಾರು ಅವನ ಮನೆ ಬಾಗಿಲು ತಟ್ಟಬೇಕು? ಈ ಗೊಂದಲ ನನ್ನನ್ನು ಬಹಳ ಕಾಡುತ್ತದೆ. ತಪ್ಪಿಸಿಕೊಂಡವನು ವಾಪಸ್ ಆಸ್ಪತ್ರೆಗೆ ಹೋಗಬೇಕೆಂದರೂ ಮೊದಲು ಶಿಕ್ಷೆಯ ಭಯ ದಾಟಿ ಹೋಗಬೇಕಿತ್ತು.

ಏಪ್ರಿಲ್ ಕೊನೆಯ ರಾತ್ರಿ

ಆ ದಿನಗಳಲ್ಲಿ ಹೆಂಡತಿ ಒಂದು ಚಿಕ್ಕ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದರು. ಅಲ್ಲಿ 25 ಡಾಲರ್ ಕಟ್ಟಬೇಕಿತ್ತು. 1971ರ ಏಪ್ರಿಲ್ 29ರ ತಡರಾತ್ರಿ ಜಾನ್ಸನ್ ಡೆಟ್ರಾಯ್ಟ್‌ನ ಒಂದು ಕಿರಾಣಿ ಅಂಗಡಿಗೆ ಹೋಗಿ ಪಿಸ್ತೂಲು ತೋರಿಸಿದ. ಅಂಗಡಿಯವನ ಹತ್ತಿರವೂ ಪಿಸ್ತೂಲಿತ್ತು. ಬೆಳಗಾಗುವ ಮುಂಚೆ ಜಾನ್ಸನ್ ತೀರಿಕೊಂಡ. 24 ತುಂಬಲು ಇನ್ನೊಂದೇ ವಾರ ಬಾಕಿ ಇತ್ತು. ಆರ್ಲಿಂಗ್ಟನ್ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಡಾಕ್ ಟೋದಲ್ಲಿ ಎದುರಾಳಿಯ ಬಂದೂಕಿನಿಂದ ಹಾರದ ಗುಂಡು ನೆನಪಿದೆಯಲ್ಲ. ತಾಯಿ ಆಮೇಲೆ ಒಂದು ಮಾತು ಹೇಳಿದರು. ಅವನಿಗೆ ಈ ಬದುಕು ಸಾಕಾಗಿ, ಕುದುರೆ ಎಳೆಯಲು ಬೇರೆ ಯಾರೋ ಬೇಕಾಗಿದ್ದರೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ ಅಂದರು. ಇದು ನಿಜವೇ ಅಲ್ಲವೇ ಅಂತ ನಾನು ತೀರ್ಪು ಕೊಡುವುದಿಲ್ಲ. ಹೆತ್ತ ತಾಯಿಗೆ ಹಾಗೆ ಅನಿಸಿತು ಅನ್ನುವುದೇ ಸಾಕು.

ಆಮೇಲೆ ಬದಲಾದದ್ದು, ಬದಲಾಗದ್ದು

ಮೇ 26ರಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ವರದಿಗಾರ ಜಾನ್ ನಾರ್ಡ್‌ಹೈಮರ್ ಈ ಕಥೆ ಬರೆದರು. ದೇಶ ಬೆಚ್ಚಿತು. ಅದಕ್ಕೂ ಸ್ವಲ್ಪ ಮುಂಚೆ, 1970ರ ಕೊನೆಯಲ್ಲಿ, ನ್ಯೂಯಾರ್ಕ್‌ನಲ್ಲಿ ಮನೋವೈದ್ಯರಾದ ಹೈಮ್ ಶಾಟನ್ ಮತ್ತು ರಾಬರ್ಟ್ ಲಿಫ್ಟನ್ ಯುದ್ಧವಿರೋಧಿ ಮಾಜಿ ಸೈನಿಕರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುವ ಗುಂಪುಗಳನ್ನು ಶುರು ಮಾಡಿದ್ದರು. ಎಲ್ಲಿ? ಆಸ್ಪತ್ರೆಯಲ್ಲಿ ಅಲ್ಲ, ಆ ಮಾಜಿ ಸೈನಿಕರ ಸಂಘದ ಕಚೇರಿಯಲ್ಲಿ. ಸರ್ಕಾರಿ ಆಸ್ಪತ್ರೆಯ ಮೇಲೆ ಆ ಹುಡುಗರಿಗೆ ನಂಬಿಕೆಯೇ ಇರಲಿಲ್ಲ. ಅಲ್ಲಿಂದ ಬೆಳೆದ ಒತ್ತಾಯದಿಂದ 1979ರಲ್ಲಿ ಆಸ್ಪತ್ರೆಯ ಹೊರಗೆ ಮಾಜಿ ಸೈನಿಕರ ಆಪ್ತಸಮಾಲೋಚನಾ ಕೇಂದ್ರಗಳಿಗೆ ಒಪ್ಪಿಗೆ ಸಿಕ್ಕಿತು. 1980ರಲ್ಲಿ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಕಾಯಿಲೆಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆ, ಅನ್ನುವ ಹೆಸರು ಬಂತು. 1980ರ ದಶಕದ ದೊಡ್ಡ ರಾಷ್ಟ್ರೀಯ ಅಧ್ಯಯನ ನಡೆದಾಗ, ವಿಯೆಟ್ನಾಂಗೆ ಹೋಗಿ ಬಂದ ಗಂಡಸರಲ್ಲಿ ಶೇ 15ರಷ್ಟು ಜನಕ್ಕೆ ಆಗಲೂ ಅದು ಇತ್ತು. ಯುದ್ಧ ಮುಗಿದು ಹತ್ತು ವರ್ಷಕ್ಕೂ ಜಾಸ್ತಿ ಆಗಿತ್ತು.

ಹೆಸರು ಸಿಕ್ಕ ಮೇಲೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗಿ ಬಂದ ಸೈನಿಕರ ಮೇಲೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮಾನಸಿಕ ತೊಂದರೆಯ ಲಕ್ಷಣ ಇದ್ದವರಲ್ಲಿ ಸಹಾಯ ಹುಡುಕಿಕೊಂಡು ಹೋದವರು ಶೇ 23ರಿಂದ 40 ಮಾತ್ರ. ಯಾಕೆ ಹೋಗಲ್ಲ ಅಂದರೆ, ನನ್ನನ್ನು ದುರ್ಬಲ ಅಂದುಕೊಳ್ಳುತ್ತಾರೆ ಅನ್ನುವುದು ಮುಂಚೂಣಿಯಲ್ಲಿದ್ದ ಕಾರಣ. ತೊಂದರೆ ಇದ್ದವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಹಾಗೆ ಹೇಳಿದರು. ಅಂದರೆ ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ನಾಚಿಕೆ ಹೆಚ್ಚು. ರಹಸ್ಯ ಮಾಹಿತಿಯ ಕೆಲಸಕ್ಕೆ ಬೇಕಾದ ಭದ್ರತಾ ಅನುಮತಿಯ ಅರ್ಜಿಯಲ್ಲಿ ಮನೋವೈದ್ಯರ ಹತ್ತಿರ ಹೋಗಿದ್ದೀರಾ ಅನ್ನುವ ಪ್ರಶ್ನೆ ಇತ್ತು. ಯುದ್ಧದ ಕಾರಣಕ್ಕೆ ಸಲಹೆ ಪಡೆದವರು ಅಲ್ಲಿ ಹೌದು ಅನ್ನಬೇಕಾಗಿಲ್ಲ ಅಂತ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಹೇಳಿದ್ದು 2008ರಲ್ಲಿ.

ಜಾನ್ಸನ್ ಥರ ಗೈರುಹಾಜರಾದವರ ಕಥೆ ಇನ್ನೂ ಕಷ್ಟ. ಶಿಸ್ತು ತಪ್ಪಿದ್ದಕ್ಕೆ ಸೇನೆಯಿಂದ ಕಳಂಕದ ಬಿಡುಗಡೆ ಪತ್ರ ಪಡೆದು ಹೊರಬಿದ್ದವರಿಗೆ ಮಾಜಿ ಸೈನಿಕರ ಆಸ್ಪತ್ರೆಯ ಬಾಗಿಲು ಬಹಳ ಕಾಲ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಕಾಯಿಲೆಯಿಂದ ಶಿಸ್ತು ತಪ್ಪುತ್ತದೆ, ಶಿಸ್ತು ತಪ್ಪಿದ್ದಕ್ಕೆ ಕಾಯಿಲೆಗೆ ಚಿಕಿತ್ಸೆ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಈ ವಿಷಯದಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬುತ್ತೇನೆ. ವಿಯೆಟ್ನಾಂ ಸೈನಿಕರ ಇಂಥ ಪತ್ರಗಳನ್ನು ಮರುಪರಿಶೀಲಿಸುವಾಗ ಪಿಟಿಎಸ್‌ಡಿಯನ್ನು ಉದಾರವಾಗಿ ಪರಿಗಣಿಸಿ ಅಂತ ಆದೇಶ ಬಂದದ್ದು 2014ರಲ್ಲಿ. ಅಂಥ ಪತ್ರ ಇದ್ದವರಿಗೂ ತುರ್ತು ಮಾನಸಿಕ ಚಿಕಿತ್ಸೆ ಕೊಡಲು ಶುರು ಮಾಡಿದ್ದು 2017ರಲ್ಲಿ.

ಇವತ್ತು ಒಳ್ಳೆಯ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಗಳೇ ಮುಖ್ಯ, ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು, ವಾರಕ್ಕೆ ಒಂದೋ ಎರಡೋ ಸಲ. ಅವುಗಳಲ್ಲಿ ಒಂದು ಬಗೆಯಲ್ಲಿ ರೋಗಿ ಕಣ್ಣು ಮುಚ್ಚಿ ಆ ಘಟನೆಯನ್ನು ಮೊದಲಿಂದ ಕೊನೆವರೆಗೆ, ಈಗ ನಡೆಯುತ್ತಿದೆ ಅನ್ನುವ ಹಾಗೆ, ಜೋರಾಗಿ ಹೇಳುತ್ತಾನೆ. ಮತ್ತೆ ಮತ್ತೆ ಹೇಳುತ್ತಾನೆ. ಕೇಳುವವರು ಅವಸರ ಮಾಡುವುದಿಲ್ಲ, ಹೊಗಳುವುದಿಲ್ಲ, ಬೈಯುವುದಿಲ್ಲ. ನಿಧಾನವಾಗಿ ಆ ನೆನಪಿನ ಮೊನೆ ಮೊಂಡಾಗುತ್ತದೆ. ಶುರುವಿನ ವಾರಗಳು ಬಹಳ ಕಷ್ಟ, ಮಧ್ಯದಲ್ಲೇ ಬಿಟ್ಟುಹೋಗುವವರು ಅನೇಕರು. ಆಸ್ಪತ್ರೆ ದೂರ ಇದ್ದರೆ, ಕೆಲಸಕ್ಕೆ ರಜೆ ಸಿಗದಿದ್ದರೆ, ಮನೆಯಲ್ಲಿ ಸಾಲ ಇದ್ದರೆ ಬಿಡುವುದು ಇನ್ನೂ ಸುಲಭ.

ಜಾನ್ಸನ್‌ನ ಪದಕದ ಜೊತೆ ಕೊಟ್ಟ ಪ್ರಶಸ್ತಿ ಪತ್ರವನ್ನು ಈಗಲೂ ಓದಬಹುದು. ಪಿಸ್ತೂಲು, ಎರಡನೇ ಬಂದೂಕು, ಬಂದೂಕಿನ ಹಿಡಿ, ಗಾಯಗೊಂಡ ಒಬ್ಬ ಸೈನಿಕನನ್ನು ಹೊತ್ತು ತಂದದ್ದು, ಕೊನೆಗೆ ಮಷಿನ್ ಗನ್, ಎಲ್ಲ ಕ್ರಮವಾಗಿ ಇದೆ. ಹಳೆಯ ಟ್ಯಾಂಕಿನಲ್ಲಿ ಸುಟ್ಟುಹೋದ ಗೆಳೆಯರ ಬಗ್ಗೆ ಒಂದು ಸಾಲೂ ಇಲ್ಲ. ಮೂರು ಜನ ಹಿಡಿದು ಮಾರ್ಫಿನ್ ಕೊಟ್ಟದ್ದೂ ಇಲ್ಲ.